ಬ್ರೆಜಿಲ್ ಅಂದರೆ ಬರೀ ಕಾಡು ಅಲ್ವಾ? ಅಷ್ಟೊಂದು ಹತ್ತಿ ಎಲ್ಲಿ ಬೆಳೆಯುತ್ತಾರೆ?

ಗಂಜ್ ಹತ್ತಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ. ಈಚೆಗೆ ಸೀಸನ್ ಶುರುವಾದರೆ ಸಾಕು, ಒಂದೇ ಮಾತು. "ಬ್ರೆಜಿಲ್ ಹತ್ತಿ ಬಂತು, ರೇಟು ಕುಂತಿತು." 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 11 ಪರ್ಸೆಂಟ್ ಆಮದು ಸುಂಕ ತೆಗೆದು, ಆ ವರ್ಷದ ಕೊನೆಯವರೆಗೂ ಹಾಗೇ ಬಿಟ್ಟ ಮೇಲಂತೂ ಈ ಮಾತು ಜೋರಾಯಿತು. ಅಮೆರಿಕವನ್ನೇ ಹಿಂದೆ ಹಾಕಿ ಬ್ರೆಜಿಲ್ ಈಗ ಹತ್ತಿ ರಫ್ತಿನಲ್ಲಿ ಮೊದಲ ಸ್ಥಾನಕ್ಕೆ ಬಂದಿದೆ.

ನನಗೆ ಅರ್ಥವಾಗದ ವಿಷಯ ಬೇರೆ. ಸ್ಕೂಲಿನಲ್ಲಿ ಓದಿದ ಬ್ರೆಜಿಲ್ ಅಂದರೆ ಅಮೆಜಾನ್ ಕಾಡು, ದಿನಾ ಮಳೆ, ಕಾಫಿ, ಫುಟ್ಬಾಲ್. ಹತ್ತಿಗೆ ಕಾಯಿ ಒಡೆಯುವ ಹೊತ್ತಿಗೆ ಒಣ ಹವೆ ಬೇಕು. ದಿನಾ ಮಳೆ ಬೀಳುವ ಕಡೆ ಹತ್ತಿ ಹೇಗೆ ಬಂತು? ಆ ದೇಶದ ನೆಲ ನಿಜಕ್ಕೂ ಹೇಗಿದೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಮಿರ್ಚಿ ಮಂಡಕ್ಕಿ, ಬಳ್ಳಾರಿ

ನನಗೆ ಗೊತ್ತಿರುವ ಬ್ರೆಜಿಲ್ ಭೂಗೋಳ ಪೆಲೆಯಿಂದ ರೊನಾಲ್ಡೊವರೆಗೆ ಮಾತ್ರ. ಉತ್ತರ ಬರಲಿ, ಕೂತಿದ್ದೇನೆ.

ಸಿರುಗುಪ್ಪ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪಠ್ಯಪುಸ್ತಕ ಓದಿದವರಲ್ಲಿ ಮುಕ್ಕಾಲು ಜನಕ್ಕೆ ಇದೇ ಚಿತ್ರ ಇರುತ್ತದೆ.

ಮೊದಲು ಗಾತ್ರ ನೋಡಿ. ಬ್ರೆಜಿಲ್ 85 ಲಕ್ಷ ಚದರ ಕಿಲೋಮೀಟರ್. ಭಾರತ ಸುಮಾರು 33 ಲಕ್ಷ. ಅಂದರೆ ನಮ್ಮಂಥ ಎರಡೂವರೆ ದೇಶಕ್ಕಿಂತ ಜಾಸ್ತಿ. ಜನ ಮಾತ್ರ 2022ರ ಗಣತಿ ಪ್ರಕಾರ 20.3 ಕೋಟಿ. ಇಷ್ಟು ದೊಡ್ಡ ದೇಶ ಒಂದೇ ಥರ ಇರುವುದಕ್ಕೆ ಸಾಧ್ಯವೇ ಇಲ್ಲ. ಭೂಮಧ್ಯ ರೇಖೆ ಉತ್ತರದ ಮಕಾಪಾ ಊರಿನ ಮೇಲೆ ಹೋಗುತ್ತದೆ. ಮಕರ ಸಂಕ್ರಾಂತಿ ವೃತ್ತ ಸಾವೊ ಪಾಲೊ ನಗರದ ಮೇಲೆ ಹೋಗುತ್ತದೆ. ಅದಕ್ಕಿಂತ ದಕ್ಷಿಣದ ಬೆಟ್ಟಗಳಲ್ಲಿ ಕೆಲವು ವರ್ಷ ಹಿಮವೂ ಬೀಳುತ್ತದೆ.

ನೆಲದ ಆಕಾರ ಹಿಡಿದರೆ ಉಳಿದದ್ದೆಲ್ಲ ಸಲೀಸು. ಉತ್ತರಕ್ಕೆ ಅಮೆಜಾನ್ ತಗ್ಗು. ಅದು ಎಷ್ಟು ಸಪಾಟು ಅಂದರೆ, ಸಮುದ್ರದಿಂದ ನದಿಗುಂಟ 1,500 ಕಿಲೋಮೀಟರ್ ಒಳಗಿರುವ ಮನೌಸ್ ನಗರಕ್ಕೆ ದೊಡ್ಡ ಹಡಗುಗಳು ನೇರವಾಗಿ ಬರುತ್ತವೆ. ಆ ತಗ್ಗಿನ ದಕ್ಷಿಣಕ್ಕೆ ದೇಶದ ಹೊಟ್ಟೆಯ ಪೂರ್ತಿ ಹರಡಿರುವುದು ಬ್ರೆಜಿಲ್ ಪ್ರಸ್ಥಭೂಮಿ. ನಮ್ಮ ದಖನ್ ಹಾಗೇ ಬಹಳ ಹಳೆಯ ಕಲ್ಲು. ಎತ್ತರ ಹೆಚ್ಚು ಕಡೆ 300ರಿಂದ 1,000 ಮೀಟರ್. ಈ ಪ್ರಸ್ಥಭೂಮಿಯ ಮೇಲಿರುವುದು ಕಾಡಲ್ಲ, ಹುಲ್ಲು ಮತ್ತು ಕುರುಚಲು ಮರಗಳ ಬಯಲು. ಅದರ ಹೆಸರು ಸೆರಾಡೊ. ಸುಮಾರು 20 ಲಕ್ಷ ಚದರ ಕಿಲೋಮೀಟರ್. ಅಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಳೆ, ಆಮೇಲೆ ಕಟ್ಟುನಿಟ್ಟಾಗಿ ಒಣ ಕಾಲ. ನಿಮ್ಮ ಹತ್ತಿ ಅಲ್ಲಿಯದು. ಮಾಟೊ ಗ್ರಾಸೊ ಅನ್ನುವ ಒಂದೇ ರಾಜ್ಯದಲ್ಲಿ ದೇಶದ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಹತ್ತಿ ಬೆಳೆಯುತ್ತದೆ. ಎರಡನೆಯದು ಬಾಹಿಯಾ ರಾಜ್ಯದ ಪಶ್ಚಿಮ ಭಾಗ. ಅದೂ ಸೆರಾಡೊವೇ.

ಮಾಟೊ ಗ್ರಾಸೊ 9 ಲಕ್ಷ ಚದರ ಕಿಲೋಮೀಟರ್. ನಮ್ಮ ಅತಿ ದೊಡ್ಡ ರಾಜ್ಯ ರಾಜಸ್ಥಾನ 3.42 ಲಕ್ಷ. ಜನಸಂಖ್ಯೆ ಕೇಳಿ: 37 ಲಕ್ಷದ ಹತ್ತಿರ, ಅಷ್ಟೇ.

ಕುಷ್ಟಗಿ ಮಸಾರಿ

ಮೇಷ್ಟ್ರೇ, ಅಲ್ಲಿನ ಮಣ್ಣು ಯಾವುದು? ನಮ್ಮಲ್ಲಿ ಹತ್ತಿ ಅಂದರೆ ಎರಿ ಹೊಲ. ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಯ ಕಪ್ಪು ಮಣ್ಣು ನೀರು ಹಿಡಿದುಕೊಳ್ಳುತ್ತದೆ. ನಮ್ಮ ಕೆಂಪು ಮಸಾರಿ ಮಣ್ಣಿನಲ್ಲಿ ಹತ್ತಿ ಹಾಕಿದರೆ ಮಳೆ ಒಂದು ಹದಿನೈದು ದಿನ ಕೈ ಕೊಟ್ಟರೂ ಕಥೆ ಮುಗಿಯಿತು.

ಮಣ್ಣು ಪರೀಕ್ಷೆ, ರಾಯಚೂರು

ಕೃಷಿ ಓದಿದವನು, ಇದಕ್ಕೆ ನಾನು ಹೇಳುತ್ತೇನೆ. ಅಲ್ಲಿಯದೂ ಕೆಂಪು ಮಣ್ಣೇ. ಆಳ ಜಾಸ್ತಿ, ಕಲ್ಲಿಲ್ಲ, ನೆಲ ಸಪಾಟು. ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಆದರೆ ಸಾರ ಇಲ್ಲ. ಕೋಟ್ಯಂತರ ವರ್ಷದ ಮಳೆಗೆ ಸುಣ್ಣ, ಪೊಟ್ಯಾಶ್ ಎಲ್ಲ ತೊಳೆದು ಹೋಗಿದೆ. ಮಣ್ಣು ಹುಳಿ, ಮೇಲಿಂದ ಅಲ್ಯೂಮಿನಿಯಂ ವಿಷ. ಬೇರು ಕೆಳಗೆ ಇಳಿಯುವುದೇ ಇಲ್ಲ. 1960ರ ದಶಕದವರೆಗೂ ಅದು ದನ ಮೇಯಿಸುವ ನೆಲ ಅಷ್ಟೇ.

1973ರಲ್ಲಿ ಎಂಬ್ರಾಪಾ ಎಂಬ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಶುರುವಾಯಿತು. ಹೆಕ್ಟೇರಿಗೆ ಟನ್‌ಗಟ್ಟಲೆ ಸುಣ್ಣದ ಕಲ್ಲಿನ ಪುಡಿ, ಮೇಲೆ ರಂಜಕ. ತಂಪು ದೇಶದ ಬೆಳೆಯಾದ ಸೋಯಾಬೀನ್‌ಗೆ ಬಿಸಿಲಿನ ನಾಡಿಗೆ ಒಗ್ಗುವ ತಳಿಗಳು. ಎರಡು ಮೂರು ದಶಕದಲ್ಲಿ ಚಿತ್ರವೇ ಬದಲಾಯಿತು. ಈಗ ಸೋಯಾದಲ್ಲಿ ಬ್ರೆಜಿಲ್ ಜಗತ್ತಿಗೇ ಮೊದಲು.

ಹತ್ತಿಯ ಲೆಕ್ಕ ಹೀಗೆ. ಮಳೆ ಶುರುವಾದಾಗ ಸೋಯಾ ಬಿತ್ತುತ್ತಾರೆ. ಜನವರಿ-ಫೆಬ್ರವರಿಯಲ್ಲಿ ಅದನ್ನು ಕೊಯ್ದು, ಅದೇ ಹೊಲದಲ್ಲಿ ಹತ್ತಿ. ಉಳಿದ ಮಳೆಗೆ ಗಿಡ ಬೆಳೆಯುತ್ತದೆ, ಜೂನ್ ನಂತರ ಒಣ ಹವೆಯಲ್ಲಿ ಕಾಯಿ ಒಡೆಯುತ್ತದೆ. ಒಂದು ಮಳೆಗಾಲಕ್ಕೆ ಎರಡು ಬೆಳೆ, ಹೆಚ್ಚಿನ ಕಡೆ ನೀರಾವರಿಯೇ ಇಲ್ಲದೆ. ಬಿಡಿಸುವುದು ಪೂರ್ತಿ ಯಂತ್ರ. ನಮ್ಮಲ್ಲಿ ಬಿಡಿಸುವ ಕೂಲಿಯೇ ರೈತನ ಸೊಂಟ ಮುರಿಯುತ್ತದೆ.

ಇದರ ಬೆಲೆಯನ್ನೂ ಹೇಳಬೇಕು. ಸೆರಾಡೊದ ಮೂಲ ಸಸ್ಯಗಳಲ್ಲಿ ಅರ್ಧದಷ್ಟು ಈಗಾಗಲೇ ಹೋಗಿದೆ. ಜಗತ್ತು ಅಮೆಜಾನ್ ಬಗ್ಗೆ ಬಾಯಿ ಬಡಿದುಕೊಳ್ಳುತ್ತದೆ, ಇದನ್ನು ಕೇಳುವವರು ಕಡಿಮೆ.

ಗಂಜ್ ಹತ್ತಿ, ರಾಯಚೂರು

ಬೆಳೆದದ್ದು ಸರಿ. ಅಷ್ಟು ಒಳಗಿಂದ ಬಂದರಿಗೆ ತರುವ ಲಾರಿ ಬಾಡಿಗೆಯೇ ಅವರನ್ನು ತಿನ್ನಬೇಕಲ್ಲ?

ಸಿರುಗುಪ್ಪ ಮೇಷ್ಟ್ರು

ತಿನ್ನುತ್ತದೆ. ಅವರ ದೊಡ್ಡ ತಲೆನೋವೇ ಅದು. ಮಾಟೊ ಗ್ರಾಸೊದ ನಡುವಿನಿಂದ ಸ್ಯಾಂಟೋಸ್ ಬಂದರಿಗೆ ಸುಮಾರು 2,000 ಕಿಲೋಮೀಟರ್ ರಸ್ತೆ. ಹತ್ತಿ ಬಹುಪಾಲು ಅಲ್ಲಿಂದಲೇ ಹಡಗು ಹತ್ತುತ್ತದೆ.

ಯಾಕೆ ಹೀಗೆ ಅಂದರೆ ಮತ್ತೆ ನೆಲದ ಆಕಾರಕ್ಕೆ ಬರಬೇಕು. ಪ್ರಸ್ಥಭೂಮಿಯ ಎತ್ತರದ ಅಂಚು ಆಗ್ನೇಯ ಕರಾವಳಿಯ ಪಕ್ಕದಲ್ಲೇ ಇದೆ. ಅದಕ್ಕೆ ಸೆರಾ ದೊ ಮಾರ್ ಅನ್ನುತ್ತಾರೆ. ನಮ್ಮ ಪಶ್ಚಿಮ ಘಟ್ಟ ದಿಕ್ಕು ಬದಲಿಸಿ ಕೂತಂತೆ. ಸ್ಯಾಂಟೋಸ್ ಸಮುದ್ರ ಮಟ್ಟದಲ್ಲಿದೆ. ಅಲ್ಲಿಂದ ಬರೀ 70 ಕಿಲೋಮೀಟರ್ ದೂರದ ಸಾವೊ ಪಾಲೊ 760 ಮೀಟರ್ ಮೇಲಿದೆ. ಆ ಗೋಡೆ ಹತ್ತಲು 1867ರಲ್ಲಿ ಹಗ್ಗ ಕಟ್ಟಿ ರೈಲು ಎಳೆಯುವ ವ್ಯವಸ್ಥೆ ಮಾಡಿದ ಮೇಲೆಯೇ ಒಳನಾಡಿನ ಕಾಫಿ ಬಂದರಿಗೆ ಸಲೀಸಾಗಿ ಇಳಿಯಿತು. ಸಾವೊ ಪಾಲೊ ದೊಡ್ಡದಾದದ್ದೇ ಆ ಕಾಫಿ ಹಣದಿಂದ.

ಆ ಅಂಚಿನಿಂದ ಒಳಗೆ ನೆಲ ಪಶ್ಚಿಮಕ್ಕೆ ವಾಲಿದೆ. ಹಾಗಾಗಿ ನದಿಗಳು ಸಮುದ್ರಕ್ಕೆ ಬೆನ್ನು ಹಾಕಿ ಹರಿಯುತ್ತವೆ. ಟಿಯೆಟೆ ನದಿ ಅಟ್ಲಾಂಟಿಕ್‌ನಿಂದ 22 ಕಿಲೋಮೀಟರ್ ದೂರದಲ್ಲಿ ಹುಟ್ಟುತ್ತದೆ. ಪಕ್ಕದ ಸಮುದ್ರ ಬಿಟ್ಟು 1,100 ಕಿಲೋಮೀಟರಿಗೂ ಜಾಸ್ತಿ ಒಳಗೆ ಹೋಗಿ ಪಾರಾನಾ ನದಿ ಸೇರುತ್ತದೆ. ಆ ನೀರು ಕೊನೆಗೆ ಸಮುದ್ರ ಮುಟ್ಟುವುದು ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹತ್ತಿರ. ತುಂಗಭದ್ರೆಯ ದಡದಲ್ಲಿ ಕೂತ ನಮಗೆ ಇದು ವಿಚಿತ್ರ ಅನಿಸಬಾರದು. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದಿಂದ ಅರಬ್ಬಿ ಸಮುದ್ರ ಎಷ್ಟು ಹತ್ತಿರ! ಆದರೂ ನೀರು ಬಂಗಾಳ ಕೊಲ್ಲಿಗೆ.

ಹಡಗು ಒಳಗೆ ಹೋಗುವಂಥ ನದಿ ಇರುವುದು ಜನ ಕಡಿಮೆ ಇರುವ ಅಮೆಜಾನ್ ಕಡೆ. ಜನ ಮತ್ತು ಬೆಳೆ ಇರುವ ಕಡೆ ನದಿಗಳು ಬಂದರಿನ ದಿಕ್ಕಿಗೇ ಹರಿಯುವುದಿಲ್ಲ. ಬ್ರೆಜಿಲ್‌ನ ಅರ್ಧಕ್ಕಿಂತ ಜಾಸ್ತಿ ಜನ ಇವತ್ತಿಗೂ ಕಡಲಿನಿಂದ 150 ಕಿಲೋಮೀಟರ್ ಒಳಗೆ ಇದ್ದಾರೆ ಅಂದರೆ ಈ ಗೋಡೆಯ ಪಾತ್ರ ದೊಡ್ಡದು.

ಸಿರವಾರ ಕೊನೆ ಕಾಲುವೆ

ನೀರಿನ ಮಾತು ಬಂತು, ಸುಮ್ನೆ ಇರಲು ಆಗಲ್ಲ. ಅಮೆಜಾನ್‌ನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಘನ ಮೀಟರ್ ನೀರು ಸಮುದ್ರಕ್ಕೆ ಹೋಗುತ್ತದಂತೆ. ನಮ್ಮ ಭಾಷೆಯಲ್ಲಿ 70 ಲಕ್ಷ ಕ್ಯೂಸೆಕ್. ನಮ್ಮ ತುಂಗಭದ್ರಾ (ಟಿ.ಬಿ.) ಡ್ಯಾಮಿನ ಈಗಿನ ಸಾಮರ್ಥ್ಯ 105.788 ಟಿಎಂಸಿ, ಹೂಳು ತುಂಬುವ ಮೊದಲು 133 ಇತ್ತು. ಲೆಕ್ಕ ಹಾಕಿ ನೋಡಿದೆ. ಖಾಲಿ ಡ್ಯಾಮ್ ತುಂಬಲು ಅಮೆಜಾನ್‌ಗೆ ನಾಲ್ಕು ಗಂಟೆ ಚಿಲ್ಲರೆ ಸಾಕು. ನಾವು ಇಡೀ ಮಳೆಗಾಲ ಆಕಾಶ ನೋಡುತ್ತೇವೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಎಡದಂಡೆ ಕೊನೆಯ ನಮ್ಮ ಹೊಟ್ಟೆಯಲ್ಲಿ ಏನಾಯಿತು ಅಂತ ನಮಗೇ ಗೊತ್ತು.

ಸಿರುಗುಪ್ಪ ಮೇಷ್ಟ್ರು

ಲೆಕ್ಕ ಸರಿ ಇದೆ. ಒಂದು ಮಾತು ಸೇರಿಸುತ್ತೇನೆ. ಅಮೆಜಾನ್ ಅಂದರೆ ಯಾವಾಗಲೂ ತುಂಬಿದ ನದಿ ಅಂತ ಅಲ್ಲ. ಮನೌಸ್ ಹತ್ತಿರ ರಿಯೊ ನೆಗ್ರೊ ನದಿಯ ಮಟ್ಟವನ್ನು 1902ರಿಂದ ಅಳೆಯುತ್ತಾ ಬಂದಿದ್ದಾರೆ. 2023ರಲ್ಲಿ ಅದು ದಾಖಲೆ ಮಟ್ಟಕ್ಕೆ ಇಳಿಯಿತು, 2024ರಲ್ಲಿ ಅದಕ್ಕೂ ಕೆಳಗೆ ಹೋಯಿತು. ಸುತ್ತಲಿನ ಹಳ್ಳಿಗಳಿಗೆ ದೋಣಿಯೇ ಬಸ್ಸು. ದೋಣಿ ನಿಂತರೆ ಔಷಧಿ ಇಲ್ಲ, ಅಕ್ಕಿ ಇಲ್ಲ.

ಇನ್ನೊಂದು. ಆ ಕಾಡಿನಿಂದ ಏಳುವ ಆವಿ ಪಶ್ಚಿಮಕ್ಕೆ ಹೋಗಿ, ಆಂಡಿಸ್ ಪರ್ವತಕ್ಕೆ ಬಡಿದು, ದಕ್ಷಿಣಕ್ಕೆ ತಿರುಗುತ್ತದೆ. ಸಾವೊ ಪಾಲೊ ಇರುವ ಅಕ್ಷಾಂಶದಲ್ಲೇ ಚಿಲಿಯ ಅಟಕಾಮಾ ಮರುಭೂಮಿಯೂ ಇದೆ, ಆಫ್ರಿಕಾದ ಕಲಹರಿಯೂ ಇದೆ. ಅಲ್ಲಿ ಮಾತ್ರ ಹಸಿರು ಇರುವುದಕ್ಕೆ ಈ ಆವಿಯ ಹಾದಿ ಒಂದು ದೊಡ್ಡ ಕಾರಣ. ಹಾಗಾಗಿ ಉತ್ತರದಲ್ಲಿ ಕಾಡು ಕಡಿದರೆ ದಕ್ಷಿಣದ ಸೋಯಾ ಹೊಲಕ್ಕೂ ಪೆಟ್ಟು.

ಶಕ್ತಿನಗರ ನೈಟ್ ಶಿಫ್ಟ್

ಪಾರಾನಾ ಹೆಸರು ಕೇಳಿ ಬಂದೆ. ಇಟೈಪು ಡ್ಯಾಮ್ ಇರುವುದು ಅದೇ ನದಿಯ ಮೇಲೆ, ಬ್ರೆಜಿಲ್-ಪರಾಗ್ವೆ ಗಡಿಯಲ್ಲಿ. 20 ಯೂನಿಟ್, ಒಂದೊಂದು 700 ಮೆಗಾವಾಟ್. ಒಟ್ಟು 14,000. ನಮ್ಮ ರಾಯಚೂರು ಸ್ಥಾವರ 1,720, ಕುಡಿತಿನಿಯ ಬಳ್ಳಾರಿ ಸ್ಥಾವರ 1,700, ಯರಮರಸ್ 1,600. ಮೂರೂ ಪೂರ್ತಿ ಓಡಿದರೂ 5,020. ಅದೂ ಕಲ್ಲಿದ್ದಲು ಸುಟ್ಟು, ಬೂದಿ ಕುಡಿದು.

ಒಂದು ತಮಾಷೆ ಇದೆ. ಪರಾಗ್ವೆಯ ಗ್ರಿಡ್ 50 ಹರ್ಟ್ಜ್, ಬ್ರೆಜಿಲ್‌ನದು 60. ಅದಕ್ಕೆ 10 ಯೂನಿಟ್ 50ರಲ್ಲಿ, 10 ಯೂನಿಟ್ 60ರಲ್ಲಿ ತಿರುಗುತ್ತವೆ. ಪರಾಗ್ವೆ ತನ್ನ ಪಾಲಿನಲ್ಲಿ ಉಳಿದದ್ದನ್ನು ಬ್ರೆಜಿಲ್‌ಗೇ ಮಾರುತ್ತದೆ. ಆ 50 ಹರ್ಟ್ಜ್ ಕರೆಂಟನ್ನು ಡಿಸಿ ಮಾಡಿ, 600 ಕಿಲೋವೋಲ್ಟ್ ಲೈನಿನಲ್ಲಿ ಸಾವೊ ಪಾಲೊ ಕಡೆ ಕಳಿಸಿ, ಅಲ್ಲಿ ಮತ್ತೆ ಎಸಿ ಮಾಡುತ್ತಾರೆ. ನಮ್ಮಲ್ಲೂ ದಕ್ಷಿಣದ ಗ್ರಿಡ್ ಬಹಳ ವರ್ಷ ಬೇರೆಯೇ ಇತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಲೈನು ಚಾರ್ಜ್ ಆದ ಮೇಲೆಯೇ ದೇಶ ಪೂರ್ತಿ ಒಂದಾಯಿತು. ರಾಯಚೂರಿನವರಿಗೇ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇಟೈಪು ಕಟ್ಟುವಾಗ ಗುವೈರಾ ಜಲಪಾತಗಳು 1982ರಲ್ಲಿ ಹಿನ್ನೀರಿನಲ್ಲಿ ಪೂರ್ತಿ ಮುಳುಗಿದವು. ನೀರಿನ ಪ್ರಮಾಣ ನೋಡಿದರೆ ಜಗತ್ತಿನ ಬಹಳ ದೊಡ್ಡ ಜಲಪಾತಗಳಲ್ಲಿ ಅದೊಂದಾಗಿತ್ತು.

ತೋರಣಗಲ್ಲು ಧೂಳು

ಬಳ್ಳಾರಿಯವರು ಕಬ್ಬಿಣ ಬಿಟ್ಟು ಬ್ರೆಜಿಲ್ ಮಾತಾಡಿದರೆ ಹೇಗೆ? ಅಲ್ಲಿ ಎರಡು ಕಡೆ ದೊಡ್ಡ ಅದಿರು. ಒಂದು ಮಿನಾಸ್ ಜೆರೈಸ್ ರಾಜ್ಯ, ಪ್ರಸ್ಥಭೂಮಿಯ ಎತ್ತರದ ಭಾಗ. ಇನ್ನೊಂದು ಅಮೆಜಾನ್ ಅಂಚಿನ ಪಾರಾ ರಾಜ್ಯದ ಕರಾಜಾಸ್. 1967ರಲ್ಲಿ ಪತ್ತೆಯಾಯಿತು. 65 ಪರ್ಸೆಂಟಿನ ಆಸುಪಾಸು ಗ್ರೇಡ್. ಸಂಡೂರಿನ ಅದಿರೂ ಅದೂ ಒಂದೇ ಜಾತಿ. 200 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ.

ಸಾಗಣೆ ಕೇಳಿದರೆ ನಮ್ಮ ಲಾರಿ ಮಾಲೀಕರು ಅಳುತ್ತಾರೆ. ಕರಾಜಾಸ್‌ನಿಂದ ಸಾವೊ ಲೂಯಿಸ್ ಹತ್ತಿರದ ಬಂದರಿಗೆ 892 ಕಿಲೋಮೀಟರ್ ರೈಲು. ಒಂದು ಗೂಡ್ಸಿಗೆ 330 ಬೋಗಿ, ಉದ್ದ ಮೂರು ಕಿಲೋಮೀಟರಿಗೂ ಜಾಸ್ತಿ. ನಮ್ಮಲ್ಲಿ ಗಣಿಗಾರಿಕೆ ಜೋರಿದ್ದ ಕಾಲದಲ್ಲಿ ಬಳ್ಳಾರಿ-ಹೊಸಪೇಟೆ ರಸ್ತೆ ಏನಾಗಿತ್ತು, ಗಿಡದ ಎಲೆ ಯಾವ ಬಣ್ಣ ಇತ್ತು, ನೋಡಿದವರಿಗೆ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ್ದು ಸುಮ್ನೆ ಅಲ್ಲ.

ಆದರೆ ಅವರದೇನೂ ಚಿನ್ನದ ಕಥೆ ಅಲ್ಲ. ಮಿನಾಸ್ ಜೆರೈಸ್‌ನಲ್ಲಿ ಅದಿರು ತೊಳೆದ ಕೆಸರನ್ನು ಕಣಿವೆಗಳಲ್ಲಿ ಕಟ್ಟೆ ಹಾಕಿ ನಿಲ್ಲಿಸುತ್ತಿದ್ದರು. ಅಗ್ಗದ ವಿಧಾನ ಅಂದರೆ, ಹಳೆಯ ಕೆಸರಿನ ಮೇಲೆಯೇ ಕಟ್ಟೆ ಎತ್ತರಿಸುತ್ತಾ ಹೋಗುವುದು. 2015ರ ನವೆಂಬರ್‌ನಲ್ಲಿ ಮಾರಿಯಾನಾ ಹತ್ತಿರ ಒಂದು ಒಡೆಯಿತು, 19 ಜನ ಸತ್ತರು. ದೊಸೆ ನದಿಗುಂಟ ಕೆಸರು ಸಮುದ್ರದವರೆಗೆ ಹೋಯಿತು. 2019ರ ಜನವರಿ 25ಕ್ಕೆ ಬ್ರುಮಾಡಿನ್ಯೊದಲ್ಲಿ ಇನ್ನೊಂದು. ಮಧ್ಯಾಹ್ನ ಊಟದ ಹೊತ್ತು. ಕೆಲಸಗಾರರ ಊಟದ ಹಾಲ್ ಕಟ್ಟೆಯ ಕೆಳಗೇ ಇತ್ತು. 270 ಜನ ಸತ್ತರು. ಅದಾದ ಮೇಲೆಯೇ ಆ ವಿಧಾನ ನಿಷೇಧವಾಯಿತು.

ಯಲಬುರ್ಗಾ ಬರ

ಎಲ್ಲರೂ ಶ್ರೀಮಂತ ಬ್ರೆಜಿಲ್ ಹೇಳುತ್ತಿದ್ದೀರಿ. ನಮ್ಮಂಥ ಬ್ರೆಜಿಲ್ ಒಂದಿದೆ, ಅದನ್ನು ಯಾರೂ ಎತ್ತಲಿಲ್ಲ. ಈಶಾನ್ಯ ಮೂಲೆ. ಅಟ್ಲಾಂಟಿಕ್ ಒಳಗೆ ಮೂಗು ಚಾಚಿದ ಭಾಗ. ಕರಾವಳಿಯ ಪಟ್ಟಿಯಲ್ಲಿ ಮಳೆ, ಕಬ್ಬು. ಬೊರ್ಬೊರೆಮಾ ಎತ್ತರ ದಾಟಿದರೆ ಮಳೆ ನೆರಳು. ಆ ಒಣ ಒಳನಾಡಿಗೆ ಸೆರ್ಟಾವೊ ಅನ್ನುತ್ತಾರೆ. ಮುಳ್ಳು ಗಿಡ, ಕಳ್ಳಿ, ಎಲೆ ಉದುರಿಸಿ ಬೂದು ಬಣ್ಣಕ್ಕೆ ತಿರುಗುವ ಕುರುಚಲು. ಅದೇ ಕಾಟಿಂಗಾ. ನಮ್ಮ ಜಾಲಿ ಗುಡ್ಡ ನೆನಪಿಗೆ ಬರುತ್ತದೆ.

1876ರಿಂದ 78ರ ಬರ ನೆನಪಿದೆಯಾ? ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅತಿ ಹೆಚ್ಚು ಸತ್ತ ಜಿಲ್ಲೆಗಳಲ್ಲಿ ಒಂದು. ಅದೇ ಹೊತ್ತಿಗೆ, 1877ರಿಂದ 79ರವರೆಗೆ, ಬ್ರೆಜಿಲ್‌ನ ಸೆಯಾರಾ ರಾಜ್ಯದಲ್ಲಿ ಮಹಾ ಬರ. ಅಲ್ಲೂ ಲಕ್ಷಾಂತರ ಜನ ಸತ್ತರು. ಎರಡಕ್ಕೂ ಹಿಂದೆ ಪೆಸಿಫಿಕ್ ಸಮುದ್ರ ಬಿಸಿಯಾದ ಅದೇ ಎಲ್ ನಿನೊ. ಭೂಮಿಯ ಆ ಕಡೆ ಈ ಕಡೆ, ಒಂದೇ ಗಾಳಿಗೆ.

ಈಗಿನ ಕಥೆ ಕೇಳಿ. ಸಾವೊ ಫ್ರಾನ್ಸಿಸ್ಕೊ ನದಿ ಮಿನಾಸ್ ಜೆರೈಸ್‌ನಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಈ ಒಣ ನಾಡಿನ ಮಧ್ಯೆ ಹಾದು ಸಮುದ್ರ ಸೇರುತ್ತದೆ. ಸುಮಾರು 2,800 ಕಿಲೋಮೀಟರ್. ಅದರ ನೀರನ್ನು ಪಂಪ್ ಮಾಡಿ ಪಕ್ಕದ ರಾಜ್ಯಗಳಿಗೆ ಕೊಡುವ ಯೋಜನೆಯ ಮಾತು 19ನೇ ಶತಮಾನದಲ್ಲಿ ಬ್ರೆಜಿಲ್‌ಗೆ ಚಕ್ರವರ್ತಿ ಇದ್ದ ಕಾಲದಿಂದ ಇತ್ತು. ಕೆಲಸ ಶುರುವಾದದ್ದು 2007ರಲ್ಲಿ. ಪೂರ್ವ ಕಾಲುವೆಗೆ 2017ರಲ್ಲಿ ನೀರು ಬಂತು, ಉತ್ತರ ಕಾಲುವೆ 2020ರಲ್ಲಿ ಸೆಯಾರಾ ಮುಟ್ಟಿತು. ಕೆಲವು ಕಡೆ 300 ಮೀಟರ್‌ಗೂ ಜಾಸ್ತಿ ಮೇಲೆತ್ತಬೇಕು. ಟಿ.ಬಿ. ಡ್ಯಾಮಿನ ಹೂಳಿಗೆ ಪರಿಹಾರ ಅಂತ ಹೇಳುವ ನವಲಿ ಸಮಾನಾಂತರ ಜಲಾಶಯದ ಮಾತು ಕೇಳುತ್ತಾ ಕೂತ ಕೊಪ್ಪಳದವರಿಗೆ ಈ ಕಾಯುವಿಕೆ ಹೊಸದಲ್ಲ.

ಸಿರವಾರ ಕೊನೆ ಕಾಲುವೆ

ಎಷ್ಟು ಕ್ಯೂಸೆಕ್ ಕೊಡುತ್ತಾರೆ?

ಯಲಬುರ್ಗಾ ಬರ

ಯಾವಾಗಲೂ ಎತ್ತಲು ಅನುಮತಿ ಇರುವುದು ಸೆಕೆಂಡಿಗೆ 26.4 ಘನ ಮೀಟರ್. ಅಂದರೆ 930 ಕ್ಯೂಸೆಕ್ ಅಷ್ಟೇ. ಮೇಲಿನ ಸೊಬ್ರಾಡಿನ್ಯೊ ಜಲಾಶಯ ತುಂಬಿದಾಗ ಜಾಸ್ತಿ ಎತ್ತಬಹುದು. ನಮ್ಮ ಎಡದಂಡೆ ಕಾಲುವೆಗೆ ನಾಲ್ಕು ಸಾವಿರ ಆಸುಪಾಸು ಬಿಡುತ್ತಾರಲ್ಲ, ಅದರ ಕಾಲು ಭಾಗವೂ ಇಲ್ಲ. ಮುಖ್ಯವಾಗಿ ಕುಡಿಯಲು. ಆ ಸೊಬ್ರಾಡಿನ್ಯೊ ಮಾತ್ರ 4,200 ಚದರ ಕಿಲೋಮೀಟರ್ ಹರವು. ನಮ್ಮ ಟಿ.ಬಿ. ಡ್ಯಾಮ್ 378.

ಮಾನ್ವಿ ಎರಿ ಹೊಲ

ಒಂದು ತಕರಾರು. ಬರ ಅಂದ ಕೂಡಲೇ ಮಳೆ, ಬೆಟ್ಟ, ಎಲ್ ನಿನೊ ಅನ್ನುವುದು ಅರ್ಧ ಸತ್ಯ. ಈಶಾನ್ಯ ಬ್ರೆಜಿಲ್‌ನಲ್ಲಿ ಜಮೀನು ಕೆಲವೇ ಮನೆತನಗಳ ಕೈಯಲ್ಲಿತ್ತು. ಬರ ಪರಿಹಾರ ಅಂತ ಸರ್ಕಾರ ಕಟ್ಟಿದ ಕೆರೆಗಳೂ ಎಷ್ಟೋ ಸಲ ಅವರ ಜಮೀನಿನಲ್ಲೇ. ಪೆಟ್ರೊಲಿನಾ ಹತ್ತಿರ ಅದೇ ನದಿ ನೀರಿನಿಂದ ದ್ರಾಕ್ಷಿ, ಮಾವು ಬೆಳೆದು ಯುರೋಪಿಗೆ ಕಳಿಸುತ್ತಾರೆ. ಸ್ವಲ್ಪ ದೂರದ ಹಳ್ಳಿಗೆ ಟ್ಯಾಂಕರ್. ನಮ್ಮಲ್ಲಿ ಕಾಲುವೆಯ ಮೇಲಿನವರು ಭತ್ತ ಹಾಕಿ, ಕೊನೆಯವರು ಹತ್ತಿಗೂ ನೀರಿಲ್ಲದೆ ಕೂರುವುದಿಲ್ವಾ? ಅದಕ್ಕೂ ಬೆಟ್ಟದ ನೆರಳೇ ಕಾರಣವಾ?

ಸಿರುಗುಪ್ಪ ಮೇಷ್ಟ್ರು

ಮಾನ್ವಿಯವರ ಮಾತಿಗೆ ಎದುರಿಲ್ಲ. ಅದೇ ಕಾರಣಕ್ಕೆ 1959ರಲ್ಲಿ ಈಶಾನ್ಯಕ್ಕೇ ಅಂತ ಸುಡೆನೆ ಎಂಬ ಅಭಿವೃದ್ಧಿ ಸಂಸ್ಥೆ ಮಾಡಿದರು. ಸೆಲ್ಸೊ ಫುರ್ಟಾಡೊ ಎಂಬ ಅರ್ಥಶಾಸ್ತ್ರಜ್ಞ ಅದರ ಮೊದಲ ಮುಖ್ಯಸ್ಥ. ಬರೀ ಡ್ಯಾಮ್ ಕಟ್ಟಿದರೆ ಆಗಲ್ಲ, ಭೂಮಿ ಮತ್ತು ಕೈಗಾರಿಕೆಯ ಪ್ರಶ್ನೆ ಇದೆ ಅಂತ ಅವರು ವಾದಿಸಿದರು. 1964ರಲ್ಲಿ ಸೇನೆ ಅಧಿಕಾರ ಹಿಡಿದಾಗ ದೇಶ ಬಿಟ್ಟು ಹೋಗಬೇಕಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ, ಕಲ್ಯಾಣ ಕರ್ನಾಟಕ ಮಂಡಳಿಯ ಯೋಚನೆಗೂ ಇದಕ್ಕೂ ಹೋಲಿಕೆ ಇದೆ, ಆದರೆ ಅವರು 50 ವರ್ಷ ಮೊದಲೇ ಮಾಡಿದರು.

ಕೆಎಎಸ್ ಓದು, ಕೊಪ್ಪಳ

ಸರ್, ಪರೀಕ್ಷೆಗೆ ಬೇಕು. ರಾಜ್ಯಗಳ ಲೆಕ್ಕ, ರಾಜಧಾನಿ, ಆಡಳಿತ ಸ್ವಲ್ಪ ಹೇಳ್ತೀರಾ? ರಾಜಧಾನಿ ರಿಯೊ ಅಂತ ಒಬ್ಬರು ನೋಟ್ಸ್ ಕೊಟ್ಟಿದ್ದಾರೆ.

ಸಿರುಗುಪ್ಪ ಮೇಷ್ಟ್ರು

ಆ ನೋಟ್ಸ್ 1960ಕ್ಕಿಂತ ಹಿಂದಿನದು ಇರಬೇಕು! ಮೊದಲ ರಾಜಧಾನಿ ಸಾಲ್ವಡಾರ್, 1763ರಿಂದ ರಿಯೊ, 1960ರ ಏಪ್ರಿಲ್ 21ರಿಂದ ಬ್ರೆಸಿಲಿಯಾ. ಒಳನಾಡಿನ ಎತ್ತರದಲ್ಲಿ ರಾಜಧಾನಿ ಕಟ್ಟಬೇಕು ಅಂತ 1891ರ ಸಂವಿಧಾನದಲ್ಲೇ ಬರೆದಿದ್ದರು. ಅಧ್ಯಕ್ಷ ಕುಬಿಚೆಕ್ ಅದನ್ನು ನಾಲ್ಕು ವರ್ಷದೊಳಗೆ ಕಟ್ಟಿ ನಿಲ್ಲಿಸಿದರು. ನಕ್ಷೆ ಲೂಸಿಯೊ ಕೋಸ್ಟಾ, ಕಟ್ಟಡಗಳು ಆಸ್ಕರ್ ನಿಮೇಯರ್. ಸಮುದ್ರದಿಂದ 1,100 ಮೀಟರ್ ಎತ್ತರ. ಅಲ್ಲೇ ಹತ್ತಿರ ಒಂದು ಜೌಗು ನೆಲವಿದೆ. ಅದರ ಒಂದು ಕಡೆಯ ನೀರು ಉತ್ತರಕ್ಕೆ ಟೊಕಾಂಟಿನ್ಸ್ ನದಿಗೆ, ಇನ್ನೊಂದು ಕಡೆಯದು ದಕ್ಷಿಣಕ್ಕೆ ಪಾರಾನಾಗೆ. ಜಾಗ ಆರಿಸಿದವರು ದೇಶದ ನೆತ್ತಿಯನ್ನೇ ಆರಿಸಿದ್ದಾರೆ.

ರಾಜ್ಯಗಳು 26, ಮೇಲೆ ಒಂದು ಫೆಡರಲ್ ಜಿಲ್ಲೆ. ಟೊಕಾಂಟಿನ್ಸ್ ರಾಜ್ಯವನ್ನು ಗೊಯಾಸ್‌ನಿಂದ ಒಡೆದದ್ದು 1988ರ ಸಂವಿಧಾನ. 1997ರಲ್ಲಿ ರಾಯಚೂರಿನಿಂದ ಕೊಪ್ಪಳ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಒಡೆದ ಹಾಗೇ, "ನಮ್ಮ ಕಡೆ ಯಾರೂ ನೋಡಲ್ಲ" ಅನ್ನುವ ದೂರಿನಿಂದಲೇ ಅದೂ ಹುಟ್ಟಿದ್ದು. ರಾಜ್ಯದ ಕೆಳಗೆ ನಮ್ಮ ಥರ ಜಿಲ್ಲೆ, ಡಿಸಿ ಇಲ್ಲ. ನೇರವಾಗಿ ಮುನಿಸಿಪಾಲಿಟಿಗಳು, ಸುಮಾರು 5,570. ಜನರೇ ಮೇಯರ್ ಆರಿಸುತ್ತಾರೆ. ಪಾರಾ ರಾಜ್ಯದ ಅಲ್ಟಮೀರಾ ಎಂಬ ಒಂದೇ ಮುನಿಸಿಪಾಲಿಟಿ 1.59 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕ 1.92 ಲಕ್ಷ. ಅಲ್ಲಿ ಮೇಯರ್ ಆದವರು ತಮ್ಮ ಊರು ಸುತ್ತಿ ಮುಗಿಸುವುದು ಯಾವಾಗ?

ಪ್ರದೇಶಗಳು ಐದು: ಉತ್ತರ, ಈಶಾನ್ಯ, ಮಧ್ಯ-ಪಶ್ಚಿಮ, ಆಗ್ನೇಯ, ದಕ್ಷಿಣ. ಉತ್ತರದಲ್ಲಿ ದೇಶದ 45 ಪರ್ಸೆಂಟ್ ನೆಲ, ಜನ 1.7 ಕೋಟಿ. ಆಗ್ನೇಯದಲ್ಲಿ 11 ಪರ್ಸೆಂಟ್ ನೆಲ, ಜನ 8.5 ಕೋಟಿ. ಇದನ್ನು ಬರೆದಿಟ್ಟುಕೊಳ್ಳಿ, ಇದರಲ್ಲೇ ಎಲ್ಲ ಇದೆ.

ಮಿರ್ಚಿ ಮಂಡಕ್ಕಿ, ಬಳ್ಳಾರಿ

ಹಾಗಾದರೆ ಎಂಪಿ ಸೀಟು? ನಮ್ಮಲ್ಲಿ ಕ್ಷೇತ್ರ ಮರುವಿಂಗಡಣೆ ಅಂತ ದಕ್ಷಿಣದವರು ತಲೆ ಕೆಡಿಸಿಕೊಂಡಿದ್ದೇವಲ್ಲ.

ಮಾನ್ವಿ ಎರಿ ಹೊಲ

ಅದು ಅಲ್ಲಿ ಉಲ್ಟಾ ಇದೆ. ಮೇಲ್ಮನೆಯಲ್ಲಿ ಪ್ರತಿ ರಾಜ್ಯಕ್ಕೂ ಮೂರು, ಫೆಡರಲ್ ಜಿಲ್ಲೆಗೂ ಮೂರು, ಒಟ್ಟು 81. ಕೆಳಮನೆಯಲ್ಲಿ 513. ಒಂದು ರಾಜ್ಯಕ್ಕೆ ಕನಿಷ್ಠ 8, ಗರಿಷ್ಠ 70. ಸಾವೊ ಪಾಲೊ ರಾಜ್ಯದಲ್ಲಿ 4.44 ಕೋಟಿ ಜನ, 70 ಸೀಟು. ವೆನೆಜುವೆಲಾ ಗಡಿಯ ರೊರೈಮಾದಲ್ಲಿ 6.4 ಲಕ್ಷ ಜನ, 8 ಸೀಟು. ನಮ್ಮ ಕೊಪ್ಪಳ ಜಿಲ್ಲೆಯೊಂದರಲ್ಲೇ 2011ರಲ್ಲಿ 13.9 ಲಕ್ಷ ಇದ್ದರು. ಅಂದರೆ ರೊರೈಮಾದ 80 ಸಾವಿರ ಜನಕ್ಕೆ ಒಬ್ಬ ಎಂಪಿ, ಸಾವೊ ಪಾಲೊದಲ್ಲಿ 6.3 ಲಕ್ಷಕ್ಕೆ ಒಬ್ಬ. ದೊಡ್ಡ ರಾಜ್ಯ ದೇಶವನ್ನು ನುಂಗಬಾರದು ಅಂತ ಮಾಡಿದ್ದು. ಸಾವೊ ಪಾಲೊದವರು ಇದಕ್ಕೆ ಗೊಣಗುತ್ತಲೇ ಇರುತ್ತಾರೆ.

ನನ್ನ ಅಭಿಪ್ರಾಯ: ಮೇಲ್ಮನೆಯಲ್ಲಿ ಸಮಾನ ಸೀಟು ಸರಿ, ಕೆಳಮನೆಯಲ್ಲಿ ಈ ಪರಿ ಅಂತರ ಜಾಸ್ತಿಯಾಯಿತು.

ಕೆಎಎಸ್ ಓದು, ಕೊಪ್ಪಳ

ಗಡಿ ದೇಶಗಳು? ಎರಡು ಬಿಟ್ಟು ಎಲ್ಲ ಅಂತ ಓದಿದ್ದೆ.

ಆನೆಗೊಂದಿ ಕಲ್ಲು

ಚಿಲಿ ಮತ್ತು ಈಕ್ವೆಡಾರ್ ಬಿಟ್ಟು ದಕ್ಷಿಣ ಅಮೆರಿಕದ ಎಲ್ಲವೂ. ಅದರಲ್ಲಿ ಫ್ರೆಂಚ್ ಗಯಾನಾ ಸೇರಿದೆ. ಅದು ಫ್ರಾನ್ಸಿನ ಭಾಗವೇ. ಹಾಗಾಗಿ ಫ್ರಾನ್ಸಿನ ಅತಿ ಉದ್ದದ ಭೂಗಡಿ ಇರುವುದು ಸ್ಪೇನ್ ಜೊತೆ ಅಲ್ಲ, ಬ್ರೆಜಿಲ್ ಜೊತೆ, 700 ಕಿಲೋಮೀಟರಿಗೂ ಜಾಸ್ತಿ. ಪರೀಕ್ಷೆಯಲ್ಲಿ ಕೇಳಿದರೆ ನನ್ನನ್ನು ನೆನೆಸಿಕೊಳ್ಳಿ.

ಈ ಗಡಿಯ ಮೂಲ ನಮ್ಮ ಕಡೆಗೂ ತಾಗುತ್ತದೆ. 1494ರ ಟೊರ್ಡೆಸಿಲಾಸ್ ಒಪ್ಪಂದದಲ್ಲಿ ಪೋರ್ಚುಗಲ್-ಸ್ಪೇನ್ ಅಟ್ಲಾಂಟಿಕ್ ಮೇಲೆ ಒಂದು ಗೆರೆ ಎಳೆದು ಜಗತ್ತು ಹಂಚಿಕೊಂಡವು. 1500ರಲ್ಲಿ ಕಬ್ರಾಲ್ 13 ಹಡಗು ಕಟ್ಟಿಕೊಂಡು ಹೊರಟದ್ದು ಕಲ್ಲಿಕೋಟೆಗೆ. ದಾರಿಯಲ್ಲಿ ಏಪ್ರಿಲ್ 22ಕ್ಕೆ ಬ್ರೆಜಿಲ್ ಕಂಡಿತು. ಅಲ್ಲಿಂದ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದರು. ಅದೇ ಪೋರ್ಚುಗೀಸರು ಆಮೇಲೆ ಗೋವಾ ಹಿಡಿದು ವಿಜಯನಗರಕ್ಕೆ ಕುದುರೆ ಮಾರಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಪೋರ್ಚುಗೀಸ್ ಬಂದೂಕಿನವರು ಅವನ ಕಡೆ ಇದ್ದರು.

ಈಗಿನ ಬ್ರೆಜಿಲ್‌ನ ದೊಡ್ಡ ಪಾಲು ಆ ಗೆರೆಯ ಪಶ್ಚಿಮಕ್ಕಿದೆ, ಅಂದರೆ ಸ್ಪೇನಿನ ಪಾಲಿಗೆ ಬರಬೇಕಿತ್ತು. ಸಾವೊ ಪಾಲೊದಿಂದ ಹೊರಟ ತಂಡಗಳು ಆ ಒಳಗೆ ಹರಿಯುವ ನದಿಗಳನ್ನೇ ಹಿಡಿದು, ಚಿನ್ನ ಹುಡುಕುತ್ತಾ, ಮೂಲ ನಿವಾಸಿಗಳನ್ನು ಗುಲಾಮರಾಗಿ ಹಿಡಿಯುತ್ತಾ ಮುಂದೆ ಹೋದವು. 1750ರ ಮ್ಯಾಡ್ರಿಡ್ ಒಪ್ಪಂದದಲ್ಲಿ, ಯಾರು ಎಲ್ಲಿ ಕೂತಿದ್ದಾರೋ ಅದು ಅವರದು ಅಂತಾಯಿತು.

ಯಲಬುರ್ಗಾ ಬರ

ಹಾಗೆ ಕೂತು ಪಡೆದದ್ದರಲ್ಲಿ ಕೊನೆಯದು ಅಕ್ರೆ. ಅದಕ್ಕೂ ನಾನು ಹೇಳಿದ ಬರಕ್ಕೂ ನಂಟಿದೆ. 1877ರ ಬರದಲ್ಲಿ ಸೆಯಾರಾದಿಂದ ಗುಳೆ ಹೊರಟವರಲ್ಲಿ ಸಾವಿರಾರು ಜನ ಅಮೆಜಾನ್‌ಗೆ ರಬ್ಬರ್ ಹಾಲು ಇಳಿಸಲು ಹೋದರು. ನದಿ ಹಿಡಿದು ಮೇಲೆ ಮೇಲೆ ಹೋಗಿ ಬೊಲಿವಿಯಾದ ನೆಲದಲ್ಲಿ ನೆಲೆಸಿದರು. ಬೊಲಿವಿಯಾ ತೆರಿಗೆ ಕೇಳಿದಾಗ ದಂಗೆ ಎದ್ದರು. 1903ರಲ್ಲಿ ಬ್ರೆಜಿಲ್ ದುಡ್ಡು ಕೊಟ್ಟು, ಒಂದು ರೈಲು ಮಾರ್ಗ ಕಟ್ಟಿಕೊಡುವ ಮಾತು ಕೊಟ್ಟು ಆ ನೆಲ ತೆಗೆದುಕೊಂಡಿತು. 1962ರಲ್ಲಿ ಅದು ರಾಜ್ಯವಾಯಿತು. ನಮ್ಮ ಕಡೆಯವರು ಬೆಂಗಳೂರು, ಮುಂಬೈಗೆ ಗುಳೆ ಹೋಗುತ್ತಾರೆ. ಆ ಗುಳೆಯವರು ದೇಶದ ನಕ್ಷೆಯನ್ನೇ ಬದಲಿಸಿದರು.

ಗಂಜ್ ಹತ್ತಿ, ರಾಯಚೂರು

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕೊನೆಯದೊಂದು. ಅಲ್ಲಿ ಟೈಮ್ ಎಷ್ಟು ಹಿಂದೆ? ಏಜೆಂಟರ ಮೆಸೇಜು ಯಾವಾಗಲೂ ನಾನು ಅಂಗಡಿ ಮುಚ್ಚುವ ಹೊತ್ತಿಗೇ ಬರುತ್ತದೆ.

ಶಕ್ತಿನಗರ ನೈಟ್ ಶಿಫ್ಟ್

ಸಾವೊ ಪಾಲೊ, ಬ್ರೆಸಿಲಿಯಾ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ 10 ಅಂದರೆ ಇಲ್ಲಿ ಸಂಜೆ 6.30. ಮಾಟೊ ಗ್ರಾಸೊ ಇನ್ನೂ ಒಂದು ಗಂಟೆ ಹಿಂದೆ. ದೇಶದಲ್ಲಿ ಒಟ್ಟು ನಾಲ್ಕು ಟೈಮ್ ಇದೆ. ಅಕ್ರೆ ಎಲ್ಲರಿಗಿಂತ ಹಿಂದೆ, ನಮಗೂ ಅದಕ್ಕೂ ಹತ್ತೂವರೆ ಗಂಟೆ. 2008ರಲ್ಲಿ ಕಾನೂನು ಮಾಡಿ ಅಕ್ರೆಯ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿದ್ದರು. ಮಕ್ಕಳು ಕತ್ತಲೆಯಲ್ಲೇ ಸ್ಕೂಲಿಗೆ ಹೋಗಬೇಕಾಯಿತು ಅಂತ ಜನ ರೇಗಿದರು. 2010ರಲ್ಲಿ ಓಟಿಗೆ ಹಾಕಿದಾಗ ಹಳೆಯ ಟೈಮೇ ಬೇಕು ಅಂದರು. ಅದು ವಾಪಸ್ ಜಾರಿಗೆ ಬಂದದ್ದು 2013ರಲ್ಲಿ.

ಮಿರ್ಚಿ ಮಂಡಕ್ಕಿ, ಬಳ್ಳಾರಿ

ಒಂದು ಗಂಟೆ ಹಿಂದೆ ತಿರುಗಿಸಲು ಮೂರು ವರ್ಷ. ಸರ್ಕಾರಿ ಆಫೀಸು ಎಲ್ಲಾ ಕಡೆ ಒಂದೇ ಬಿಡಿ.